ಹನ್ನೊಂದರಿಂದ ಶುರುವಾದ ಎಣಿಕೆ

ಕಳೆದ ಓಣಂ ರಜೆಗೆ ಊರಿಗೆ ಹೋಗಿದ್ದಾಗ ಅಟ್ಟ ಗುಡಿಸುತ್ತಿದ್ದ ಅಮ್ಮ ಒಂದು ರಟ್ಟಿನ ಪೆಟ್ಟಿಗೆಯನ್ನು ಕೆಳಗಿಳಿಸಿ, 'ಇದನ್ನು ತಗೊಂಡು ಹೋಗ್ತೀಯೋ, ರದ್ದಿಗೆ ಹಾಕಲೋ' ಎಂದು ಕೇಳಿದರು. ಒಳಗೆ ನನ್ನ ಅಮರ ಚಿತ್ರಕಥೆಗಳಿದ್ದವು. ನಲವತ್ತಕ್ಕೂ ಹೆಚ್ಚು. ಗೆದ್ದಲು ತಿಂದದ್ದು ಬಿಟ್ಟು ಉಳಿದವು. ಮೂಡುಬಿದಿರೆಯಿಂದ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಕೊಚ್ಚಿಗೆ ತಂದೆ. ನಾವಿರುವುದು ವಲ್ಲಾರ್ಪಾಡಂ ದ್ವೀಪದಲ್ಲಿ. ಕೆಲಸ ಕಾಕ್ಕನಾಡಿನಲ್ಲಿ. ದಿನಾ ಗೋಶ್ರೀ ಸೇತುವೆ ದಾಟಿ ಹೋಗಿ ಬರುವವನಿಗೆ ಮನೆಯಲ್ಲಿ ಓದಲು ಸಿಗುವ ಸಮಯ ರಾತ್ರಿಯ ಒಂದು ಗಂಟೆ ಮಾತ್ರ. ಆ ಒಂದು ಗಂಟೆಯನ್ನು ಮಗಳಿಗೆ ಕನ್ನಡ ಓದಿಸಲು ಇಟ್ಟಿದ್ದೇನೆ. ಅವಳು ಐದನೇ ಕ್ಲಾಸು. ಮಲಯಾಳವನ್ನು ನೀರು ಕುಡಿದಂತೆ ಓದುತ್ತಾಳೆ, ಕನ್ನಡವನ್ನು ಅಕ್ಷರಕ್ಕೊಂದು ಬೆರಳಿಟ್ಟು.

ಮೂರನೇ ದಿನ ಅವಳು ಕೇಳಿದ ಪ್ರಶ್ನೆಯಿಂದ ಈ ಬರಹ ಹುಟ್ಟಿತು. 'ಅಪ್ಪಾ, ಇದರಲ್ಲಿ ಅಸುರರೆಲ್ಲ ಕೆಟ್ಟವರೇನಾ? ಹಾಗಾದ್ರೆ ಮಾವೇಲಿ?'

ಶಾಲೆಯಲ್ಲಿ ಹದಿನೈದು ದಿನ ಹಿಂದಷ್ಟೇ ಮಾವೇಲಿ ಬಂದು ಹೋಗಿದ್ದ. ಓಲೆಕೊಡೆ ಹಿಡಿದು, ಹೊಟ್ಟೆ ಮುಂದೆ ಮಾಡಿಕೊಂಡು, ಮಕ್ಕಳಿಗೆಲ್ಲ ಕೈ ಬೀಸಿ. ಅವನು ಅಸುರ ರಾಜ ಎಂದು ಟೀಚರ್ ಹೇಳಿಕೊಟ್ಟಿದ್ದರು, ಅವನಷ್ಟು ಒಳ್ಳೆಯ ರಾಜ ಬೇರೆ ಇರಲಿಲ್ಲ ಎಂದೂ ಹೇಳಿದ್ದರು. ಅವಳ ಕೈಯಲ್ಲಿದ್ದ ಪುಸ್ತಕದಲ್ಲಿ ಅಸುರ ಎಂದರೆ ಕೋರೆಹಲ್ಲು, ದಪ್ಪ ಮೀಸೆ, ಕಪ್ಪು ಮೈ, 'ಹ್ಹ ಹ್ಹ ಹ್ಹಾ'. ನಾನು ಉತ್ತರ ಕೊಡಲಿಲ್ಲ, ನಾಳೆ ಹೇಳ್ತೀನಿ ಎಂದು ದೀಪ ಆರಿಸಿದೆ. ಮಲಗಿದ ಮೇಲೆ ನಿದ್ದೆ ಬರಲಿಲ್ಲ. ಆ ಪುಸ್ತಕಗಳನ್ನು ಬರೆಸಿದ ಅನಂತ ಪೈ ನಮ್ಮ ಪಕ್ಕದ ಕಾರ್ಕಳದವರು. ನಮ್ಮ ಕಡೆ ದೀಪಾವಳಿಗೆ ಗದ್ದೆಯಲ್ಲಿ ದೀಪ ಇಟ್ಟು ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಅವನು ನಮಗೂ ಬೇಕಾದ ರಾಜನೇ. ಹಾಗಿದ್ದೂ ಆ ಪ್ರಶ್ನೆ ನನ್ನ ಬಾಲ್ಯದಲ್ಲಿ ನನಗೆ ಒಮ್ಮೆಯೂ ಏಳಲಿಲ್ಲ. ಯಾಕೆ?

ಅಂದಿನಿಂದ ಪೆಟ್ಟಿಗೆಯಲ್ಲಿದ್ದ ಅಷ್ಟನ್ನೂ ಮತ್ತೆ ಓದಿದೆ. ಈ ಸಲ ಕಥೆಗಾಗಿ ಅಲ್ಲ, ಕಥೆ ಕಟ್ಟಿದವರಿಗಾಗಿ.

ಕಾರ್ಕಳದಿಂದ ಮಾಹಿಮ್‌ಗೆ

ಅನಂತ ಪೈ ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು. ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ತಾಯಿ ಇಬ್ಬರೂ ಇರಲಿಲ್ಲ. 12ನೇ ವಯಸ್ಸಿಗೆ ಮುಂಬಯಿ, ಮಾಹಿಮ್‌ನ ಓರಿಯಂಟ್ ಶಾಲೆ. ಆಮೇಲೆ ರಸಾಯನಶಾಸ್ತ್ರ, ಭೌತಶಾಸ್ತ್ರ, ಕೆಮಿಕಲ್ ಟೆಕ್ನಾಲಜಿ. ಘಟ್ಟದ ಕೆಳಗಿನವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ಬೊಂಬಾಯಿಗೆ ಹೋದ ಹುಡುಗರ ಕಥೆ ಪ್ರತಿ ಮನೆಯಲ್ಲೂ ಒಂದಿರುತ್ತದೆ. ಓದಿದ್ದು ಒಂದು, ಮಾಡಿದ್ದು ಇನ್ನೊಂದು ಎನ್ನುವುದೂ ನಮ್ಮಲ್ಲಿ ಹಲವರಿಗೆ ಹೊಸತಲ್ಲ. ನಾನೇ ಸುರತ್ಕಲ್ಲಿನಲ್ಲಿ ಎಂ.ಟೆಕ್ ಮಾಡಿ ಈಗ ಎಕ್ಸೆಲ್ ಶೀಟು ತುಂಬುವವನು. ಆದರೆ ಕೈಯಲ್ಲಿ ಎಂಜಿನಿಯರಿಂಗ್ ಡಿಗ್ರಿ ಇಟ್ಟುಕೊಂಡು 1954ರಲ್ಲೇ 'ಮಾನವ್' ಎಂಬ ಮಕ್ಕಳ ಪತ್ರಿಕೆ ಶುರುಮಾಡಿ ಸೋಲುವುದಕ್ಕೆ ಬೇರೆಯೇ ಗುಂಡಿಗೆ ಬೇಕು.

ಆ ಸೋಲಿನ ನಂತರ ಅವರು ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗ ಸೇರಿದರು. 1964ರಲ್ಲಿ ಅಲ್ಲಿಂದ ಇಂದ್ರಜಾಲ ಕಾಮಿಕ್ಸ್ ಹೊರಟಿತು. ನಡೆದಾಡುವ ಭೂತ ಫ್ಯಾಂಟಮ್ ಭಾರತದ ಬಸ್ ಸ್ಟ್ಯಾಂಡುಗಳಿಗೆ ಬಂದದ್ದು ಹಾಗೆ. ಚಿತ್ರಕಥೆ ಎಂಬ ಸರಕು ಇಲ್ಲಿ ಮಾರಾಟವಾಗುತ್ತದೆ ಎಂಬುದನ್ನು ಪೈ ಕಣ್ಣಾರೆ ಕಂಡದ್ದು ಅಲ್ಲಿ. ಆಮೇಲಿನ ಪ್ರಸಂಗ ನಿಮಗೆ ಗೊತ್ತೇ ಇರುತ್ತದೆ. 1967ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಟಿ.ವಿ.ಯ ಒಂದು ಕ್ವಿಜ್ ನೋಡುತ್ತಾರೆ. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಬರುವುದಿಲ್ಲ. ಅವರೇ ಜೀವನವಿಡೀ ಹೇಳಿಕೊಂಡು ಬಂದ ಕಥೆ ಇದು. ಪ್ರತಿ ಸಂದರ್ಶನದಲ್ಲೂ ಇದೇ ಶುರುವಾತು. ಅಮರ ಚಿತ್ರಕಥೆಯ ಹುಟ್ಟಿಗೆ ಇದೇ ಕಾರಣ ಎಂದು ನಾವೂ ನಂಬಿಕೊಂಡು ಬಂದಿದ್ದೇವೆ.

ಆದರೆ ನನ್ನ ಪೆಟ್ಟಿಗೆಯಲ್ಲಿ ಬೇರೆ ಒಂದು ಸುಳಿವು ಇತ್ತು. ಪಟ್ಟಿಯಲ್ಲಿ 'ಕೃಷ್ಣ'ನ ಸಂಖ್ಯೆ 11. ಹಾಗಿದ್ದರೆ ಒಂದರಿಂದ ಹತ್ತರವರೆಗೆ ಏನಾಯಿತು?

ಆ ಹತ್ತು ಪುಸ್ತಕಗಳು

ಉತ್ತರ ಬೆಂಗಳೂರಿನಲ್ಲಿದೆ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು 1965ರಲ್ಲೇ ಅಮರ ಚಿತ್ರಕಥೆಯನ್ನು ಹೊರತಂದಿದ್ದರು, ಅದೂ ಕನ್ನಡದಲ್ಲಿ. ವಸ್ತು ನಮ್ಮದಲ್ಲ, ಸಿಂಡ್ರೆಲಾ ಥರದ ಪಾಶ್ಚಾತ್ಯ ಕಥೆಗಳು. ಮಾರಾಟ ಚೆನ್ನಾಗಿ ಆಯಿತು. ಅದನ್ನು ನೋಡಿ ಮುಂಬಯಿಯ ಹೆಡ್ ಆಫೀಸಿನ ಮೀರ್‌ಚಂದಾನಿಯವರಿಗೆ ಧೈರ್ಯ ಬಂತು, ಪೈ ಅವರು ಬಂದರು, ಇಂಗ್ಲಿಷ್ ಮಾಲೆ 11ರಿಂದ ಶುರುವಾಯಿತು.

ಇದನ್ನು ಓದಿದಾಗ ಮೊದಲು ನನಗೂ ಎದೆ ಉಬ್ಬಿತು. ನೋಡಿ, ಶುರು ಮಾಡಿದ್ದು ನಾವೇ ಅಂತ. ಎರಡು ದಿನ ಆಫೀಸಿನ ಕ್ಯಾಂಟೀನಿನಲ್ಲಿ ಮಲಯಾಳಿ ಗೆಳೆಯರಿಗೆಲ್ಲ ಹೇಳಿದೆ. ಮೂರನೇ ದಿನ ಉಬ್ಬು ಇಳಿಯಿತು. ಕನ್ನಡ ಕೊಟ್ಟದ್ದೇನು? ಮಾರುಕಟ್ಟೆ ಇದೆ ಎಂಬ ಪುರಾವೆ ಕೊಟ್ಟಿತು, ಕಥೆ ಕೊಡಲಿಲ್ಲ. ನಮ್ಮ ಭಾಷೆಯಲ್ಲಿ ಪೈಲಟ್ ಪ್ರಾಜೆಕ್ಟ್ ನಡೆಯಿತು, ಆಮೇಲೆ ಮುಖ್ಯ ಕೆಲಸ ಇಂಗ್ಲಿಷಿಗೆ ಹೋಯಿತು, ಕೊನೆಗೆ ಅದೇ ಅನುವಾದವಾಗಿ ನಮಗೆ ಹಿಂತಿರುಗಿ ಬಂತು. ಐ.ಟಿ.ಯಲ್ಲಿರುವವರಿಗೆ ಈ ಹಾದಿ ಬಿಡಿಸಿ ಹೇಳಬೇಕಿಲ್ಲ.

ಮನೆಮಾತು ಕೊಂಕಣಿ, ಹುಟ್ಟಿದ ಊರು ಕನ್ನಡ-ತುಳು ಸೀಮೆ, ಕೆಲಸದ ಭಾಷೆ ಇಂಗ್ಲಿಷ್. ಪೈ ಬರೆದದ್ದು, ಬರೆಸಿದ್ದು ಇಂಗ್ಲಿಷಿನಲ್ಲಿ. ಅದರ ಪರಿಣಾಮ ಮಗಳ ಬೆರಳಿನ ಕೆಳಗೆ ಈಗ ಕಾಣುತ್ತದೆ. ಇಂಗ್ಲಿಷ್ ಮಾತಿನ ಅಳತೆಗೆ ಬರೆದ ಬಲೂನಿನಲ್ಲಿ ಕನ್ನಡ ವಾಕ್ಯ ಮೊಣಕಾಲು ಮಡಚಿ ಕೂತಿದೆ. ದುಷ್ಯಂತನೂ ಬೆಸ್ತನೂ ಒಂದೇ ಬಗೆಯ ಪುಸ್ತಕದ ಕನ್ನಡ ಮಾತಾಡುತ್ತಾರೆ. ನಮ್ಮಲ್ಲಿ ರಾಜನ ಮಾತು ಬೇರೆ, ಹಾಸ್ಯಗಾರನ ಮಾತು ಬೇರೆ ಎಂಬುದು ಯಕ್ಷಗಾನ ನೋಡಿದ ಮಗುವಿಗೂ ಗೊತ್ತು. ಭಾಷೆ ಕಲಿಸಲು ಈ ಪುಸ್ತಕ ಹಿಡಿದ ನಾನು ಅರ್ಧಕ್ಕರ್ಧ ಬಲೂನುಗಳನ್ನು ಬಾಯಲ್ಲಿ ತಿದ್ದಿಕೊಂಡೇ ಓದಬೇಕಾಯಿತು.

ಭಾಗವತನ ಕೆಲಸ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಒಪ್ಪಬೇಕು. ಕಥೆ ಕಟ್ಟುವ ಕೆಲಸದಲ್ಲಿ ಪೈ ನುರಿತವರು. ಎಷ್ಟು ನುರಿತವರು ಎಂದು ಗೊತ್ತಾಗಲು ಆ ಕೆಲಸ ಏನೆಂದು ನೋಡಬೇಕು.

ಅನಿಮೇಷನ್ ಸ್ಟುಡಿಯೋಗಳಲ್ಲಿ ಸ್ಟೋರಿಮ್ಯಾನ್ ಎಂಬ ಹುದ್ದೆ ಇತ್ತು. ಅವನು ಬರಿ ಬರಹಗಾರನಲ್ಲ. ಕಥೆಯನ್ನು ಸಣ್ಣ ಸಣ್ಣ ಚಿತ್ರಗಳಾಗಿ ಒಡೆದು ಬೋರ್ಡಿಗೆ ಚುಚ್ಚಿ, ಎಲ್ಲಿ ನಗು ಬರಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂದು ತೀರ್ಮಾನಿಸುವವನು. ಡಿಸ್ನಿಯ ಕಾರ್ಲ್ ಬಾರ್ಕ್ಸ್ ಇಂಥವರು. 1935ರಲ್ಲಿ ಅಲ್ಲಿ ಸೇರಿ ಡೊನಾಲ್ಡ್ ಡಕ್ ಚಿತ್ರಗಳಿಗೆ ಕಥೆ ಕಟ್ಟಿ, 1942ರಲ್ಲಿ ಸ್ಟುಡಿಯೋ ಬಿಟ್ಟು ಕಾಮಿಕ್ಸ್‌ಗೆ ಬಂದರು. 1947ರಲ್ಲಿ ಅಂಕಲ್ ಸ್ಕ್ರೂಜ್ ಎಂಬ ಜಿಪುಣ ಬಾತುಕೋಳಿಯನ್ನು ಹುಟ್ಟಿಸಿದರು. ಪುಸ್ತಕದ ಮೇಲೆ ಅವರ ಹೆಸರು ಇರುತ್ತಿರಲಿಲ್ಲ. 'ಆ ಒಳ್ಳೆ ಬಾತುಕೋಳಿ ಬರೆಯುವವರು' ಎಂದಷ್ಟೇ ಓದುಗರಿಗೆ ಗೊತ್ತಿತ್ತು. ಅಭಿಮಾನಿಗಳು ಹೆಸರು ಪತ್ತೆ ಹಚ್ಚುವಾಗ 1960 ಬಂದಿತ್ತು.

ಪೈ ಚಿತ್ರ ಬರೆಯುತ್ತಿರಲಿಲ್ಲ. ಆದರೆ ಅವರು ಮಾಡಿದ್ದು ಇದೇ ಕೆಲಸ. ಒಂದು ಪುಸ್ತಕಕ್ಕೆ 32 ಪುಟ. ಪುಟಕ್ಕೆ ಐದಾರು ಚೌಕ ಎಂದರೆ ಒಟ್ಟು 160ರಿಂದ 190ರಷ್ಟು ಚಿತ್ರ. ಅಷ್ಟರಲ್ಲಿ ನಳ-ದಮಯಂತಿ ಮುಗಿಯಬೇಕು, ಹರಿಶ್ಚಂದ್ರ ಮುಗಿಯಬೇಕು. ಕಥೆಯ ನೂರು ಎಳೆಗಳಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಅವರ ಒಳ್ಳೆಯ ಪುಸ್ತಕಗಳಲ್ಲಿ ಈ ಆಯ್ಕೆ ಬೆರಗು ಹುಟ್ಟಿಸುವಷ್ಟು ಖಚಿತ. ಪ್ರತಿ ಘಟನೆಯೂ ಹಿಂದಿನದರಿಂದ ಹುಟ್ಟುತ್ತದೆ. ಪುಟ ಮಗುಚುವ ಜಾಗದಲ್ಲಿ ಏನೋ ಒಂದು ತೂಗಾಡುತ್ತಿರುತ್ತದೆ. ಓದು ಬಾರದ ಮಗುವಿಗೂ ಚಿತ್ರದ ಸಾಲಿನಿಂದಲೇ ಅರ್ಧ ಕಥೆ ತಿಳಿಯುತ್ತದೆ. 'ಕೃಷ್ಣ'ದಲ್ಲಿ ರಾಮ್ ವಾಯೀರ್‌ಕರ್ ಬರೆದ ಬೆಣ್ಣೆಕೃಷ್ಣ ಮೂರು ತಲೆಮಾರಿನ ಕಣ್ಣಲ್ಲಿ ಕೂತಿದ್ದಾನೆ. ಅವನನ್ನು ಅಲ್ಲಿ ಕೂರಿಸಲು ಎಷ್ಟು ಜಾಗ ಕೊಡಬೇಕೆಂದು ಲೆಕ್ಕ ಹಾಕಿದವರು ಪೈ.

ನಮ್ಮ ಕಡೆಯ ಹೋಲಿಕೆ ಹೇಳುವುದಾದರೆ ಅವರು ಭಾಗವತರು. ವೇಷ ಕಟ್ಟುವುದಿಲ್ಲ, ಕುಣಿಯುವುದಿಲ್ಲ. ಆದರೆ ಯಾವ ಪದ್ಯ ಎತ್ತಬೇಕು, ಯಾರನ್ನು ಯಾವಾಗ ರಂಗಕ್ಕೆ ಬಿಡಬೇಕು, ಬೆಳಗಾಗುವುದರೊಳಗೆ ಆಟ ಹೇಗೆ ಮುಗಿಯಬೇಕು ಎಂಬುದು ಅವರ ಕೈಯಲ್ಲಿ. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್‌ರಂಥ ಸಹೋದ್ಯೋಗಿಗಳು, ವಾಯೀರ್‌ಕರ್, ಪ್ರತಾಪ್ ಮುಳೀಕ್, ದಿಲೀಪ್ ಕದಂ ಅವರಂಥ ಚಿತ್ರಕಾರರು ಸೇರಿ 400ಕ್ಕೂ ಹೆಚ್ಚು ಪುಸ್ತಕಗಳಾದವು. 20 ಭಾಷೆ, 10 ಕೋಟಿಗೂ ಹೆಚ್ಚು ಪ್ರತಿ ಎಂಬುದು ಪ್ರಕಾಶಕರ ಲೆಕ್ಕ. ಹತ್ತು ಜನರ ತಂಡದಿಂದ ಮೂರು ತಿಂಗಳಿಗೊಂದು ರಿಲೀಸ್ ಹೊರಡಿಸಲು ಒದ್ದಾಡುವ ನನಗೆ ಇದು ಯಾವ ಮಟ್ಟದ ಶಿಸ್ತು ಎಂದು ಗೊತ್ತು.

ಆದರೆ ಭಾಗವತರ ಹೋಲಿಕೆಯನ್ನು ಹಿಡಿದು ಇನ್ನೊಂದು ಹೆಜ್ಜೆ ಇಟ್ಟರೆ ತೊಡಕು ಶುರುವಾಗುತ್ತದೆ.

ವಾದವಿಲ್ಲದ ರಾವಣ

ತಾಳಮದ್ದಳೆಯಲ್ಲಿ ವೇಷವಿಲ್ಲ, ಬರಿ ಮಾತು. ಅಲ್ಲಿ ರಾವಣನಿಗೂ ವಾಲಿಗೂ ಕೌರವನಿಗೂ ತಮ್ಮ ಪಕ್ಷ ಇರುತ್ತದೆ. ಅದನ್ನು ಮಂಡಿಸಲು ಗಂಟೆಗಟ್ಟಲೆ ಸಮಯ ಇರುತ್ತದೆ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಮಾತಿಗೆ ಕೂತರೆ ರಾಮನ ಅರ್ಥಧಾರಿ ಬೆವರು ಒರೆಸಿಕೊಳ್ಳಬೇಕಿತ್ತು ಎಂದು ನನ್ನ ಅಜ್ಜ ಹೇಳುತ್ತಿದ್ದರು. ಕೇಳಿದವರು ರಾಮಭಕ್ತರೇ. ಆದರೂ ವಾಲಿಯ ಪ್ರಶ್ನೆ ಮನೆಗೆ ಬರುವವರೆಗೂ ಜೊತೆಗೆ ಬರುತ್ತಿತ್ತು. ಇಲ್ಲಿ ಕೇರಳದ ಕಥಕಳಿಯಲ್ಲಿ ರಾವಣನದು ಕತ್ತಿ ವೇಷ. ಹಸಿರಿನ ಮೇಲೆ ಕೆಂಪು ಗೀಟು ಎಳೆದ ಆ ಮುಖದಲ್ಲಿ ರಾಜಗಾಂಭೀರ್ಯಕ್ಕೆ ಕೊರತೆಯಿಲ್ಲ. ಕನ್ನಡ ಕಾವ್ಯದ ವಿಷಯ ಹೇಳುವುದೇ ಬೇಡ. ಪಂಪನಿಗೆ ಕರ್ಣ, ರನ್ನನಿಗೆ ದುರ್ಯೋಧನ. ಸೋಲುವವನ ದೊಡ್ಡತನ ಹೇಳದೆ ಗೆದ್ದವನ ಕಥೆ ಹೇಳಲು ನಮ್ಮ ಹಳೆಯ ಕವಿಗಳಿಗೆ ಮನಸ್ಸೇ ಬರಲಿಲ್ಲ.

ಕಾರ್ಕಳದಲ್ಲಿ ಹುಟ್ಟಿದ ಪೈ ಅವರ ಪುಸ್ತಕಗಳಲ್ಲಿ ಇದೇ ಇಲ್ಲ. ಅಲ್ಲಿ ಕೆಡುಕನಿಗೆ ಹೆಚ್ಚಿನ ಕಡೆ ನಗು ಇದೆ, ಗುಡುಗು ಇದೆ, ವಾದ ಇಲ್ಲ. ಅವನ ಮುಖ ನೋಡಿದ ಕ್ಷಣವೇ ಅವನ ಗತಿ ಗೊತ್ತಾಗುತ್ತದೆ. ಬಿಳಿ ಅಥವಾ ನೀಲಿ ಮೈ ಇದ್ದರೆ ಒಳ್ಳೆಯವ, ಕಪ್ಪು ಮೈ ಇದ್ದರೆ ಕೆಟ್ಟವ. ಹೆಂಗಸರಲ್ಲಿ ಸಾವಿತ್ರಿ, ಶಕುಂತಲೆ, ದಮಯಂತಿ ಮೊದಲು ಬಂದರು. ಸಹಿಸಿಕೊಂಡವರಿಗೆ ಕೊನೆಯ ಚೌಕದಲ್ಲಿ ಸುಖ. ಇತಿಹಾಸದ ಪುಸ್ತಕಗಳಲ್ಲಿ ಶಿವಾಜಿ, ರಾಣಾ ಪ್ರತಾಪ, ಪೃಥ್ವಿರಾಜರು ಬೇಗ ಬಂದರು. ಎದುರು ಪಕ್ಷದ ಸೈನಿಕರಿಗೆ ಗಡ್ಡ ಬಿಟ್ಟರೆ ಬೇರೆ ಗುರುತಿರಲಿಲ್ಲ. ನಂದಿನಿ ಚಂದ್ರ 2008ರಲ್ಲಿ, ಕಾರ್ಲಿನ್ ಮೆಕ್ಲೇನ್ 2009ರಲ್ಲಿ ಈ ಮಾಲೆಯ ಮೇಲೆ ಇಡೀ ಪುಸ್ತಕಗಳನ್ನೇ ಬರೆದು ಜಾತಿ, ಧರ್ಮ, ಹೆಣ್ಣಿನ ಚಿತ್ರಣವನ್ನು ಬಿಡಿಸಿಟ್ಟಿದ್ದಾರೆ. ಆ ದೋಷಗಳನ್ನು ಮತ್ತೆ ಪಟ್ಟಿ ಮಾಡುವ ಇರಾದೆ ನನಗಿಲ್ಲ. ಅವರ ಮಾಲೆಯಲ್ಲೇ ಅಕ್ಬರ್, ಕಬೀರ್, ಟಿಪ್ಪು ಸುಲ್ತಾನ್ ಇದ್ದಾರೆ. 1979ರಲ್ಲೇ ಅಂಬೇಡ್ಕರ್ ಪುಸ್ತಕ ಬಂದಿದೆ. ಯೂಸುಫ್ ಎಂಬ ಚಿತ್ರಕಾರರ 'ಮೀರಾಬಾಯಿ'ಯಲ್ಲಿರುವ ಚಿತ್ರಗಳ ಚಂದ ಉಳಿದವಕ್ಕಿಲ್ಲ. ಲೆಕ್ಕ ತೀರಿಸುವಾಗ ಇವನ್ನೂ ಜಮೆಗೆ ಹಿಡಿಯಬೇಕು.

ನನ್ನ ತಕರಾರು ಕಥೆ ಕಟ್ಟುವ ರೀತಿಯದು. ಬಾರ್ಕ್ಸ್‌ನ ಸ್ಕ್ರೂಜ್‌ಗೆ ಏನೋ ಬೇಕು. ದುಡ್ಡು ಬೇಕು. ಅದಕ್ಕಾಗಿ ಅವನು ಬೆಟ್ಟ ಹತ್ತುತ್ತಾನೆ, ಸುಳ್ಳು ಹೇಳುತ್ತಾನೆ, ನಡುವೆ ಎಲ್ಲೋ ಕರಗುತ್ತಾನೆ. ಅವನ ಆಸೆಯೇ ಕಥೆಯನ್ನು ಎಳೆಯುವ ಎತ್ತು. ಪೈ ಅವರ ನಾಯಕರಿಗೆ ಏನೂ ಬೇಕಿಲ್ಲ. ಅವರು ಹುಟ್ಟುವಾಗಲೇ ಮಹಾತ್ಮರು. ಕಥೆ ಅವರನ್ನು ಬದಲಿಸುವುದಿಲ್ಲ, ತೋರಿಸುತ್ತದೆ ಅಷ್ಟೆ. ಎದುರಾಳಿಗೆ ವಾದ ಕೊಟ್ಟರೆ ನಾಯಕ ಉತ್ತರ ಕೊಡಬೇಕಾಗುತ್ತದೆ. ಉತ್ತರ ಕೊಡಲು ಯೋಚಿಸಬೇಕಾಗುತ್ತದೆ. ಯೋಚಿಸುವವನು ತಪ್ಪಬಹುದು. ತಪ್ಪಬಹುದಾದ ನಾಯಕನಿಗೆ ಈ 32 ಪುಟದಲ್ಲಿ ಜಾಗ ಇಲ್ಲ.

ಪುಟ ಕಡಿಮೆ, ಏನು ಮಾಡುವುದು ಎಂದು ಕೇಳಬಹುದು. ಅರ್ಧ ನಿಜ. 1980ರ ದಶಕದ ಎರಡನೇ ಭಾಗದಲ್ಲಿ ಅವರೇ ಮಹಾಭಾರತವನ್ನು 42 ಭಾಗಗಳಲ್ಲಿ ತಂದರು. ಜಾಗ ಸಿಕ್ಕಿದ ಕೂಡಲೇ ಅಲ್ಲಿ ಧೃತರಾಷ್ಟ್ರನ ಹೊಯ್ದಾಟಕ್ಕೂ ಕರ್ಣನ ಸಂಕಟಕ್ಕೂ ಉಸಿರಾಡಲು ಎಡೆ ಸಿಕ್ಕಿತು. ಅಂದರೆ ಅವರಿಗೆ ಬರುತ್ತಿರಲಿಲ್ಲ ಎಂದಲ್ಲ. ಆದರೆ ಪುಟ ಕಡಿಮೆ ಇರುವುದೇ ಪೂರ್ತಿ ಕಾರಣವಲ್ಲ ಎಂಬುದಕ್ಕೆ ನಾನೀಗ ಇರುವ ಊರಿನಲ್ಲೇ ಸಾಕ್ಷಿ ಇದೆ.

ರಬ್ಬರ್ ಬೋರ್ಡಿನ ಅಧಿಕಾರಿ

ಜಿ. ಅರವಿಂದನ್ ಅವರನ್ನು ನಾವು ಸಿನಿಮಾ ನಿರ್ದೇಶಕರಾಗಿ ಬಲ್ಲೆವು. ಅದಕ್ಕೆ ಮೊದಲು ರಬ್ಬರ್ ಬೋರ್ಡಿನಲ್ಲಿ ಕೆಲಸ ಮಾಡುತ್ತ, 1961ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಾತೃಭೂಮಿ ವಾರಪತ್ರಿಕೆಯಲ್ಲಿ 'ಚೆರಿಯ ಮನುಷ್ಯರುಂ ವಲಿಯ ಲೋಕವುಂ' ಎಂಬ ಚಿತ್ರಮಾಲೆ ಬರೆದರು. ಸಣ್ಣ ಮನುಷ್ಯರು, ದೊಡ್ಡ ಲೋಕ. ವಾರಕ್ಕೆ ಕೆಲವೇ ಚೌಕ. ಅದರ ನಾಯಕ ರಾಮು ಕೆಲಸವಿಲ್ಲದ ಮಧ್ಯಮ ವರ್ಗದ ಹುಡುಗ. ವರ್ಷಗಳು ಕಳೆದ ಹಾಗೆ ಅವನೂ ಬೆಳೆಯುತ್ತಾನೆ, ದುಡ್ಡು ಮಾಡುತ್ತಾನೆ, ತಾನು ಬೈಯುತ್ತಿದ್ದ ಲೋಕದ ಭಾಗವೇ ಆಗಿಬಿಡುತ್ತಾನೆ. ಓದುಗನ ಜೊತೆಗೆ ಪಾತ್ರಕ್ಕೂ ವಯಸ್ಸಾಗುತ್ತದೆ. ಪೈ ತಮ್ಮ ಮಾಲೆ ಶುರುಮಾಡಿದ 1967ರಲ್ಲಿ ಕೇರಳದ ಓದುಗ ಆರು ವರ್ಷದಿಂದ ಇದನ್ನು ಓದುತ್ತಿದ್ದ. ನಾಲ್ಕು ಚೌಕದಲ್ಲೂ ಮನುಷ್ಯನ ಅಳುಕು ಹಿಡಿಯಬಹುದು ಎಂದು ಇದು ತೋರಿಸುತ್ತದೆ.

ಅರವಿಂದನ್ ಬರೆದದ್ದು ದೊಡ್ಡವರಿಗೆ, ಪೈ ಬರೆದದ್ದು ಮಕ್ಕಳಿಗೆ ಎನ್ನಬಹುದು. ಹಾಗಾದರೆ ಟಾಮ್ಸ್ ಅವರನ್ನು ನೋಡಿ. 1957ರಿಂದ ಮನೋರಮಾ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಬೋಬನ್ ಮತ್ತು ಮೋಳಿ ಎಂಬ ಎರಡು ಮಕ್ಕಳು ದೊಡ್ಡವರ ಮಾತನ್ನು ಹಿಡಿದು ಎಳೆದು ಕೆಡವುತ್ತಿದ್ದರು. ಮಲಯಾಳಿಗಳು ಆ ಪತ್ರಿಕೆಯನ್ನು ಹಿಂದಿನ ಪುಟದಿಂದ ಓದುತ್ತಿದ್ದರು ಎಂಬುದು ಇಲ್ಲಿಯ ಗಾದೆಯಂತೆ ಆಗಿದೆ. ಮಕ್ಕಳು ಪ್ರಶ್ನೆ ಕೇಳುವ ಚಿತ್ರಕಥೆ ಅದು. ಅಮರ ಚಿತ್ರಕಥೆಯಲ್ಲಿ ಮಕ್ಕಳು ಉತ್ತರ ಕಲಿಯುತ್ತಾರೆ. ಕ್ವಿಜ್ ನೋಡಿ ಹುಟ್ಟಿದ ಮಾಲೆ ಕೊನೆಗೂ ಕ್ವಿಜ್‌ಗೆ ತಯಾರಿ ಮಾಡುವ ಪುಸ್ತಕವಾಗಿಯೇ ಉಳಿಯಿತು ಎಂದು ನನಗೆ ಅನಿಸುತ್ತದೆ. ರಾಮನ ತಾಯಿಯ ಹೆಸರೇನು ಎಂದರೆ ನಾನು ಐದನೇ ವಯಸ್ಸಿಗೇ ಹೇಳುತ್ತಿದ್ದೆ. ಆ ತಾಯಿಗೆ ಮಗ ಕಾಡಿಗೆ ಹೊರಟ ದಿನ ಹೇಗನಿಸಿರಬಹುದು ಎಂದು ಯೋಚಿಸಿದ್ದು ನನ್ನ ಅಮ್ಮ ನನ್ನನ್ನು ಬಸ್ಸು ಹತ್ತಿಸಿದ ದಿನ.

ಕಿವಿ ತೆರೆದ ಸಂಪಾದಕ

ಇಲ್ಲಿಗೇ ನಿಲ್ಲಿಸಿದರೆ ಪೈ ಅವರಿಗೆ ಅನ್ಯಾಯ ಮಾಡಿದಂತೆ. ಅವರ ಜೀವನದ ದೊಡ್ಡ ಕೆಲಸ ಅಮರ ಚಿತ್ರಕಥೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅವರ ಒಳ್ಳೆಯ ಕೆಲಸ 1980ರಲ್ಲಿ, ಐವತ್ತು ದಾಟಿದ ಮೇಲೆ ಶುರುವಾಯಿತು. ಅದು ಟಿಂಕಲ್.

ಟಿಂಕಲ್‌ನಲ್ಲಿ ಮಹಾತ್ಮರಿಲ್ಲ. ಹೇಳಿದ್ದನ್ನು ಅಕ್ಷರಶಃ ಮಾಡಿ ಯಜಮಾನನಿಗೆ ತಲೆನೋವು ತರುವ ಸುಪ್ಪಂದಿ ಇದ್ದಾನೆ. ಹೆದರುಪುಕ್ಕಲನಾಗಿದ್ದೂ ಅದೃಷ್ಟದಿಂದ ಶೂರನೆನಿಸಿಕೊಳ್ಳುವ ಶಿಕಾರಿ ಶಂಭು ಇದ್ದಾನೆ. ಜಾಣ ಕಾಗೆ ಕಾಲಿಯಾ ಇದೆ. ಮೈ ಕಪ್ಪಗಿದ್ದೂ ಒಳ್ಳೆಯವನಾಗಿರಬಹುದು ಎಂದು ಪೈ ಅವರ ಲೋಕದಲ್ಲಿ ತೋರಿಸಿಕೊಟ್ಟದ್ದು ಒಂದು ಕಾಗೆ! ಇವುಗಳಲ್ಲಿ ಸುಪ್ಪಂದಿ ಆಫೀಸಿನ ಒಳಗೆ ಹುಟ್ಟಿದವನಲ್ಲ. ತಮಿಳುನಾಡಿನ ಓದುಗರೊಬ್ಬರು ಕಳಿಸಿದ ಜನಪದ ಕಥೆಯಿಂದ ಬಂದವನು. ಟಿಂಕಲ್ ಓದುಗ ಮಕ್ಕಳಿಂದ ಕಥೆ ಕೇಳಿ ತರಿಸಿಕೊಳ್ಳುತ್ತಿತ್ತು. ಮಕ್ಕಳು 'ಅಂಕಲ್ ಪೈ'ಗೆ ಕಾಗದ ಬರೆಯುತ್ತಿದ್ದರು, ಉತ್ತರ ಬರುತ್ತಿತ್ತು. ಹದಿಮೂರು ವರ್ಷ ಮಕ್ಕಳಿಗೆ ಏನು ಗೊತ್ತಿರಬೇಕು ಎಂದು ಹೇಳಿಕೊಟ್ಟ ಮನುಷ್ಯ ಆಮೇಲೆ ಮಕ್ಕಳಿಗೆ ಏನು ಗೊತ್ತಿದೆ ಎಂದು ಕೇಳತೊಡಗಿದ. ಸ್ವಂತ ಮಕ್ಕಳಿಲ್ಲದ, ಎರಡು ವರ್ಷಕ್ಕೇ ತಂದೆ ತಾಯಿಯನ್ನು ಕಳೆದುಕೊಂಡ ಒಬ್ಬರಿಗೆ ಆ ಕಾಗದದ ರಾಶಿ ಏನಾಗಿತ್ತು ಎಂದು ನಾನು ಊಹಿಸಲು ಹೋಗುವುದಿಲ್ಲ. ಬರಹದ ಮೇಲೆ ಅದರ ಪರಿಣಾಮ ಮಾತ್ರ ಕಣ್ಣಿಗೆ ಕಾಣುತ್ತದೆ. ಮಾತು ಸಣ್ಣದಾಯಿತು, ನಗು ಬಂತು, ಪಾತ್ರಗಳು ತಪ್ಪತೊಡಗಿದವು.

ನಮ್ಮ ಮನೆಯ ಹತ್ತಿರವೇ ವಲ್ಲಾರ್ಪಾಡಂ ಚರ್ಚು. ಅಲ್ಲಿಯ ಮಾತೆಯ ಚಿತ್ರದಲ್ಲಿ ಇನ್ನೊಬ್ಬ ತಾಯಿಯೂ ಅವಳ ಮಗುವೂ ಇದ್ದಾರೆ. 1752ರಲ್ಲಿ ದೋಣಿ ಮಗುಚಿ ನೀರಿಗೆ ಬಿದ್ದು ಬದುಕಿ ಬಂದಳೆಂದು ಹೇಳುವ ಮೀನಾಕ್ಷಿ ಅಮ್ಮ ಎಂಬ ನಾಯರ್ ಹೆಂಗಸು. ಹೊರಗಿನಿಂದ ಬಂದ ದೈವದ ಚಿತ್ರದೊಳಗೆ ಊರಿನ ಹೆಣ್ಣೊಬ್ಬಳಿಗೆ ಜಾಗ ಸಿಕ್ಕಿತು. ಅಲ್ಲಿಂದ ಅದು ಊರಿನ ಚಿತ್ರವಾಯಿತು. ಎಲ್ಲ ಜಾತಿ ಮತದವರೂ ಅಲ್ಲಿಗೆ ಹೋಗಿ ಅಂಗಳ ಗುಡಿಸುತ್ತಾರೆ. ಟಿಂಕಲ್ ಮಾಡಿದ್ದೂ ಇದೇ. ಓದುವವರನ್ನು ಚಿತ್ರದೊಳಗೆ ಬಿಟ್ಟುಕೊಂಡಿತು.

ಆ ಬಳಗದ ಕೊಂಡಿ ಕೇರಳಕ್ಕೂ ಬಂತು. ಕಾಲಿಯಾ ಕಾಗೆಯನ್ನು ಬರೆದ ಪ್ರದೀಪ್ ಸಾಠೆ ಅವರೇ 1984ರಲ್ಲಿ ಎನ್. ಎಂ. ಮೋಹನ್ ಅವರ ಜೊತೆ ಬಾಲರಮಾದ 'ಮಾಯಾವಿ'ಗೆ ರೂಪ ಕೊಟ್ಟರು. ನನ್ನ ಮಗಳು ಮಲಯಾಳ ಓದಲು ಕಲಿತದ್ದು ಶಾಲೆಯಲ್ಲಿ ಅಲ್ಲ, ಮಾಯಾವಿಯಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1983ರಲ್ಲಿ, ಕೋಟ್ಟಯಂನ ಮಂಗಳಂ ಬಳಗದ ಬಾಲಮಂಗಳಂ ಪತ್ರಿಕೆಯಲ್ಲಿ ಎನ್. ಸೋಮಶೇಖರನ್ ಬರೆದ, ಬೇಬಿ ಚಿತ್ರಿಸಿದ ಒಂದು ಇಲಿ ಹುಟ್ಟಿತು. ಮಲಯಾಳದಲ್ಲಿ ಡಿಂಕನ್. ಕನ್ನಡ ಬಾಲಮಂಗಳದಲ್ಲಿ ಅದೇ ನಮ್ಮ ಡಿಂಗ. ಈ ಪತ್ರಿಕೆ ಓದುವ ನಲವತ್ತರ ಆಸುಪಾಸಿನವರಲ್ಲಿ ಡಿಂಗನಿಗಾಗಿ ಅಂಗಡಿಯ ಮುಂದೆ ಕಾಯದವರು ಕಡಿಮೆ. ಡಿಂಗ ಕೇರಳದವನು ಎಂದು ನನಗೆ ಗೊತ್ತಾದದ್ದು ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಮೂವತ್ತನೇ ವಯಸ್ಸಿನಲ್ಲಿ. ಅವನ ಕಥೆ ಬರೆದವರ ಹೆಸರು ಗೊತ್ತಾದದ್ದು ಅದಕ್ಕೂ ತಡವಾಗಿ. ಬಾರ್ಕ್ಸ್‌ನ ಹೆಸರು ಹುಡುಕಿದ ಓದುಗರಂತೆ ನಾವು ಯಾಕೆ ಹುಡುಕಲಿಲ್ಲ? ನಮಗೆ ಅಂಕಲ್ ಪೈ ಗೊತ್ತು. ಕಮಲಾ ಚಂದ್ರಕಾಂತ್ ಗೊತ್ತಿಲ್ಲ, ಅನಂತರಾಮ್ ಗೊತ್ತಿಲ್ಲ, ನಮ್ಮ ಬಲೂನುಗಳಿಗೆ ಕನ್ನಡ ತುಂಬಿದವರು ಯಾರೆಂದು ಗೊತ್ತಿಲ್ಲ.

ಪೆಟ್ಟಿಗೆ ಬಿಚ್ಚುವುದು

2011ರ ಫೆಬ್ರವರಿ 11ರಂದು ಅಂದಿನ ಪ್ರಧಾನಿ ಮನಮೋಹನ ಸಿಂಗ್ ವಲ್ಲಾರ್ಪಾಡಂನ ಕಂಟೇನರ್ ಟರ್ಮಿನಲ್ ಉದ್ಘಾಟಿಸಿದರು. ಅದೇ ತಿಂಗಳ 24ರಂದು ಅನಂತ ಪೈ ಮುಂಬಯಿಯಲ್ಲಿ ತೀರಿಕೊಂಡರು. ಕೆಲವೇ ದಿನ ಹಿಂದೆ ದೆಹಲಿಯ ಮೊದಲ ಕಾಮಿಕ್ ಕಾನ್ ಅವರಿಗೆ ಜೀವಮಾನದ ಸಾಧನೆಯ ಪ್ರಶಸ್ತಿ ಕೊಟ್ಟಿತ್ತು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೆ ನಮ್ಮ ಕಿಟಕಿಯಿಂದ ಆ ಟರ್ಮಿನಲ್ಲಿನ ಕ್ರೇನುಗಳು ಕಾಣುತ್ತವೆ. ದೊಡ್ಡ ಹಡಗಿನಿಂದ ಸಣ್ಣ ಹಡಗಿಗೆ ಪೆಟ್ಟಿಗೆ ಸಾಗಿಸುವುದು ಅಲ್ಲಿಯ ಕೆಲಸ. ಒಳಗೆ ಏನಿದೆ ಎಂದು ಬಿಚ್ಚಿ ನೋಡುವ ಹಾಗಿಲ್ಲ. ಕಥೆಗಳ ವಿಷಯದಲ್ಲೂ ಹೀಗೆ ಆಗುತ್ತಿದೆ ಎಂದು ಒಮ್ಮೊಮ್ಮೆ ಅನಿಸುತ್ತದೆ. ಪುರಾಣದಿಂದ ಚಿತ್ರಕಥೆಗೆ, ಚಿತ್ರಕಥೆಯಿಂದ ಅನಿಮೇಷನ್‌ಗೆ. 2012ರಲ್ಲಿ ಅಮರ ಚಿತ್ರಕಥೆಯವರೇ 'ಸನ್ಸ್ ಆಫ್ ರಾಮ್' ಎಂಬ ಅನಿಮೇಷನ್ ಚಿತ್ರ ತಂದರು. ಅದಕ್ಕೆ ಹತ್ತು ವರ್ಷ ಮೊದಲೇ ತಿರುವನಂತಪುರದ ಟೂನ್ಜ್ ಸ್ಟುಡಿಯೋ ತೆನಾಲಿ ರಾಮನ ಕಥೆಗಳನ್ನು ಟಿ.ವಿ. ಸರಣಿ ಮಾಡಿತ್ತು. ಹಂಪಿಯ ಆಸ್ಥಾನ ಕಂಪ್ಯೂಟರಿನಲ್ಲಿ ಎದ್ದು ನಿಂತದ್ದು ಟೆಕ್ನೋಪಾರ್ಕಿನಲ್ಲಿ. ಕೃಷ್ಣದೇವರಾಯ ಕನ್ನಡದಲ್ಲಿ ಮಾತಾಡಲು ನಾವು ಡಬ್ಬಿಂಗಿಗಾಗಿ ಕಾಯಬೇಕು. ಕಥೆಯನ್ನು ಚೌಕ ಚೌಕವಾಗಿ ಕನ್ನಡದಲ್ಲೇ ಯೋಚಿಸುವ ಒಬ್ಬ ಸ್ಟೋರಿಮ್ಯಾನ್‌ನನ್ನು ನಾವು ಬೆಳೆಸಲಿಲ್ಲ. 1965ರಲ್ಲಿ ಬಾಗಿಲು ತೆರೆದಿತ್ತು, ಹತ್ತು ಪುಸ್ತಕಕ್ಕೆ ಮುಚ್ಚಿತು.

ಮಗಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಹೇಳಿ ಮುಗಿಸುತ್ತೇನೆ. ವಿವರಿಸಲು ಹೋಗಲಿಲ್ಲ. ನನ್ನ ಮಾತಿಗಿಂತ ಚಿತ್ರ ಬಲವಾದದ್ದು ಎಂದು ಗೊತ್ತಿತ್ತು. ಗೆದ್ದಲು ತಿಂದು ಅರ್ಧ ಉಳಿದಿದ್ದ ಒಂದು ಪುಸ್ತಕ ತೆಗೆದುಕೊಂಡು, ಬಿಳಿ ಕಾಗದ ಕತ್ತರಿಸಿ, ಅಸುರನ ನಗುವಿನ ಬಲೂನುಗಳ ಮೇಲೆಲ್ಲ ಅಂಟಿಸಿದೆವು. ಇಲ್ಲಿ ಅವನು ಏನು ಹೇಳಬಹುದು, ನೀನೇ ಬರಿ, ಕನ್ನಡದಲ್ಲಿ ಎಂದೆ. ಹದಿನೈದು ನಿಮಿಷ ಪೆನ್ಸಿಲ್ ಕಚ್ಚಿದಳು. ಒತ್ತಕ್ಷರ ತಪ್ಪಿ, ದೀರ್ಘ ಬಿಟ್ಟು, ಆಮೇಲೆ ಬರೆದದ್ದು ಇಷ್ಟು: 'ನೀವು ಯಾಕೆ ನನ್ನ ಮನೆಗೆ ಬಂದ್ರಿ?'

ಶೇಣಿಯವರು ಎರಡು ಗಂಟೆ ಮಾತಾಡುತ್ತಿದ್ದರೂ ಮೊದಲ ವಾಕ್ಯ ಬಹುಶಃ ಇದೇ ಆಗಿರುತ್ತಿತ್ತು. ಅನಂತ ಪೈ ಅವರ ಪುಸ್ತಕವಿಲ್ಲದಿದ್ದರೆ ಅವಳಿಗೆ ಆ ವಾಕ್ಯ ಬರೆಯಲು ಜಾಗವೇ ಇರುತ್ತಿರಲಿಲ್ಲ ಎಂಬುದನ್ನೂ ಮರೆಯಲಾರೆ. ಚೌಕ ಅವರದು, ಬಲೂನು ಅವರದು. ಒಳಗಿನ ಮಾತು ಮಾತ್ರ ನಾವು ತುಂಬಬೇಕಾಗಿತ್ತು.

ಒಂದು ಕೋರಿಕೆ. ನಿಮ್ಮ ಊರಿನ ಮನೆಯ ಅಟ್ಟದಲ್ಲಿ, ಅಜ್ಜನ ಟ್ರಂಕಿನಲ್ಲಿ, ಹಳೆಯ ಶಾಲೆಯ ಕಪಾಟಿನಲ್ಲಿ 1965ರ ಆ ಹತ್ತು ಕನ್ನಡ ಪುಸ್ತಕಗಳಲ್ಲಿ ಒಂದಾದರೂ ಇದೆಯೇ, ಮುಂದಿನ ರಜೆಯಲ್ಲಿ ನೋಡಿ. ಸಿಕ್ಕಿದರೆ ರದ್ದಿಗೆ ಹಾಕಬೇಡಿ. ಅದರ ಮೇಲೆ ಯಾರ ಹೆಸರಿದೆ ಎಂದು ಓದಿ ಹೇಳಿ.